ಶಾಸನದೊಳಗಿನ ಭಾಷಣ: ಅಥೆನ್ಸಿನ ಕಲ್ಲು, ಬ್ರಹ್ಮಗಿರಿಯ ಬಂಡೆ, ಸನ್ನತಿಯ ಹಾಸುಗಲ್ಲು

ಪ್ರಾಚೀನ ಕಾಲದ ರಾಜಕೀಯ ಭಾಷಣ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಅಥೆನ್ಸ್. ಪೆರಿಕ್ಲಿಸ್, ಡೆಮಾಸ್ತನೀಸ್ ಮಾಡಿದ ಭಾಷಣಗಳು ಪುಸ್ತಕ ರೂಪದಲ್ಲಿ ಉಳಿದಿವೆ, ಇವತ್ತಿಗೂ ಓದ್ತಾರೆ. ‘ನಮ್ಮಲ್ಲಿ ಆ ಥರ ಏನೂ ಉಳಿದಿಲ್ಲ, ಬರೀ ದಾನ ದತ್ತಿ ಲೆಕ್ಕ’ ಅನ್ನೋ ಮಾತು ಹೆರಿಟೇಜ್ ವಾಕ್‌ಗಳಲ್ಲಿ ಆಗಾಗ ಕೇಳಿಬರುತ್ತೆ. ನಮ್ಮ ಇಂದಿರಾನಗರದ ಪಕ್ಕದಲ್ಲೇ ಇರೋ ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನದ ತಮಿಳು ಶಾಸನಗಳನ್ನ ನೋಡಿದರೆ ಆ ಮಾತು ಸರಿ ಅನ್ನಿಸಲೂಬಹುದು. ಅಲ್ಲಿರೋದು ದಾನದ ದಾಖಲೆ. ಅರಸನ ದನಿ ಕೇಳಿಸಲ್ಲ.

ಆದರೆ ಅರಸನೇ ‘ನಾನು ಹೀಗೆ ಹೇಳುತ್ತೇನೆ’ ಅಂತ ಮಾತು ಶುರು ಮಾಡುವ ಕಲ್ಲುಗಳು ಕರ್ನಾಟಕದಲ್ಲಿವೆ. ಅವನ್ನ ಹೇಗೆ ಓದಬೇಕು ಅನ್ನೋದು ತಿಳಿಯೋಕೆ ಮೊದಲು ಗ್ರೀಸಿನ ಕಡೆ ಒಮ್ಮೆ ಹೋಗಿ ಬರೋಣ.

ಗ್ರೀಸಿನಲ್ಲಿ ಏನು ಉಳಿದಿದೆ?

ಯುದ್ಧದಲ್ಲಿ ಮಡಿದವರ ಬಗ್ಗೆ ಪೆರಿಕ್ಲಿಸ್ ಮಾಡಿದ ಪ್ರಸಿದ್ಧ ಭಾಷಣದ ಕಾಲ ಕ್ರಿ.ಪೂ. 431-430ರ ಚಳಿಗಾಲ. ಅದು ನಮಗೆ ಸಿಗೋದು ಥುಸಿಡಿಡೀಸ್ ಬರೆದ ಇತಿಹಾಸದಲ್ಲಿ. ಆತ ತನ್ನ ಮೊದಲ ಸಂಪುಟದಲ್ಲೇ ಒಂದು ವಿಷಯ ಒಪ್ಪಿಕೊಳ್ತಾನೆ: ಆಡಿದ ಮಾತನ್ನ ಅಕ್ಷರಶಃ ನೆನಪಿಡೋದು ಕಷ್ಟ, ಹಾಗಾಗಿ ನಿಜವಾಗಿ ಹೇಳಿದ್ದರ ಒಟ್ಟು ಅರ್ಥಕ್ಕೆ ಆದಷ್ಟು ಹತ್ತಿರ ಇದ್ದುಕೊಂಡು, ಆ ಸಂದರ್ಭಕ್ಕೆ ತಕ್ಕ ಮಾತನ್ನ ಬರೆದಿದ್ದೇನೆ. ಅಂದರೆ ನಾವು ಓದುವ ಪೆರಿಕ್ಲಿಸ್‌ನ ಭಾಷಣದಲ್ಲಿ ಥುಸಿಡಿಡೀಸನ ಪಾಲೂ ಇದೆ.

ಹಾಗಾದರೆ ಕಲ್ಲು? ಅಥೆನ್ಸಿನ ಸಭೆಯ ನಿರ್ಣಯಗಳನ್ನ ಕಲ್ಲಿನಲ್ಲಿ ಕೆತ್ತುತ್ತಿದ್ದರು. ಅದರಲ್ಲಿ ನಿರ್ಣಯ ಮಂಡಿಸಿದವನ ಹೆಸರು, ಆಮೇಲೆ ‘ಎಯ್ಪೆನ್’ ಅನ್ನೋ ಪದ ಬರುತ್ತೆ. ಅರ್ಥ ‘ಹೇಳಿದ’. ಅದರ ಮುಂದೆ ಇರೋದು ಸಾಮಾನ್ಯವಾಗಿ ನಿರ್ಣಯವೇ ಹೊರತು, ಜನರನ್ನ ಒಪ್ಪಿಸೋಕೆ ಆತ ಆಡಿದ ಮಾತಲ್ಲ. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಸಮಕಾಲೀನ ಅಂತಲೂ ಅಲ್ಲ. ಥೆಮಿಸ್ಟೊಕ್ಲಿಸ್ ‘ಹೇಳಿದ’ ಅಂತ ಕ್ರಿ.ಪೂ. 480ರ ನಿರ್ಣಯವೊಂದನ್ನ ಕೊಡುವ ಶಾಸನ ಟ್ರೊಯಿಜೆನ್ ಎಂಬಲ್ಲಿ ಸಿಕ್ಕಿ, 1960ರಲ್ಲಿ ಪ್ರಕಟವಾಯಿತು. ಅದರ ಅಕ್ಷರಗಳು ಮಾತ್ರ ಕ್ರಿ.ಪೂ. 3ನೇ ಶತಮಾನದವು! ಮೂಲ ನಿರ್ಣಯದ ಎಷ್ಟು ಭಾಗ ಅದರಲ್ಲಿದೆ ಅನ್ನೋ ಚರ್ಚೆ ಆಗಿನಿಂದಲೂ ನಡೆದಿದೆ.

ಬ್ರಹ್ಮಗಿರಿ: ಎಷ್ಟು ಕೈ ದಾಟಿದ ಮಾತು?

ಈಗ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ — ಈ ಮೂರೂ ಕಡೆಯ ಅಶೋಕನ ಶಾಸನಗಳನ್ನ 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

ಬ್ರಹ್ಮಗಿರಿಯ ಶಾಸನ ನೇರವಾಗಿ ಅರಸನ ಮಾತಿನಿಂದ ಶುರುವಾಗಲ್ಲ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರ ‘ವಚನ’ದಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಆಮೇಲೆ ದೇವಾನಂಪ್ರಿಯನ ಆಜ್ಞೆ ತಿಳಿಸಬೇಕು ಅಂತಿದೆ. ಅರಸ, ರಾಜಕುಮಾರ, ಇಸಿಲದ ಅಧಿಕಾರಿಗಳು, ಕೊನೆಗೆ ಲಿಪಿಕಾರ ಚಪಡ. ಈ ಚಪಡ ‘ಲಿಪಿಕಾರ’ ಅನ್ನೋ ಅರ್ಥದ ಪದವನ್ನ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದು ತನ್ನ ಗುರುತು ಬಿಟ್ಟಿದ್ದಾನೆ. ನನ್ನಂಥ ಎಂಜಿನಿಯರಿಗೆ ಇದು ಹೆಡ್ ಆಫೀಸಿನಿಂದ ಸೈಟಿಗೆ ಬಂದ ಡ್ರಾಯಿಂಗ್ ಥರ ಕಾಣುತ್ತೆ. ಜೊತೆಗಿದ್ದ ಕವರಿಂಗ್ ಲೆಟರನ್ನೂ ಸೇರಿಸಿ ಬಂಡೆ ಮೇಲೆ ಕೆತ್ತಿಬಿಟ್ಟಿದ್ದಾರೆ, ನಮ್ಮ ಪುಣ್ಯ. ಇಲ್ಲದಿದ್ದರೆ ಮಾತು ಬಂದ ದಾರಿ ತಿಳೀತಿರಲಿಲ್ಲ.

ಜನರಿಗೆ ತಲುಪಿದ್ದು ಹೇಗೆ? ಎಲ್ಲರೂ ಬಂಡೆ ಹತ್ತಿರ ಹೋಗಿ ಓದಿಕೊಂಡರು ಅಂತ ಅಂದುಕೊಳ್ಳೋದು ಬೇಡ. ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿ ರಜ್ಜುಕ ಅನ್ನೋ ಅಧಿಕಾರಿ ಭೇರಿ ಹೊಡೆಸಿ ಜನಪದಕ್ಕೆ ಆಜ್ಞೆ ತಿಳಿಸಬೇಕು ಅಂತಿದೆ. ಡಂಗುರವೇ! ಒಡಿಶಾದ ಧೌಲಿ, ಜೌಗಡದ ಪ್ರತ್ಯೇಕ ಶಾಸನಗಳಲ್ಲಂತೂ ಇದನ್ನ ತಿಷ್ಯ ನಕ್ಷತ್ರದ ದಿನ ‘ಕೇಳಬೇಕು’, ಮಧ್ಯದಲ್ಲೂ ಕೇಳಬಹುದು, ಒಬ್ಬನೇ ಇದ್ದರೂ ಕೇಳಬೇಕು ಅನ್ನೋ ಸೂಚನೆ ಇದೆ. ಅಂದರೆ ಈ ಶಾಸನಗಳು ಭಾಷಣದ ವರದಿಯಲ್ಲ, ಮತ್ತೆ ಮತ್ತೆ ಗಟ್ಟಿಯಾಗಿ ಓದಿ ಹೇಳೋಕೆ ಕೊಟ್ಟ ಪ್ರತಿ.

ಸನ್ನತಿ ಮತ್ತು ಕಂದಹಾರ್: ಒಂದೇ ಮಾತು, ಎರಡು ಊರು

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯಲ್ಲಿ, ಮೂರ್ತಿಯ ಪೀಠವಾಗಿದ್ದ ಹಾಸುಗಲ್ಲೊಂದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅದರಲ್ಲಿ ಅಶೋಕನ 12 ಮತ್ತು 14ನೇ ಬಂಡೆ ಶಾಸನಗಳ ಭಾಗ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿ ನಿಲ್ಲಿಸೋಕೆ ನಡುವೆ ತೂತು ಕೊರೆದಿದ್ದರಿಂದ ಬಹಳಷ್ಟು ಅಕ್ಷರ ಹೋಗಿದೆ.

12ನೇ ಶಾಸನದ ವಿಷಯವೇ ಮಾತು. ಅದರ ಪೂರ್ಣ ಪಾಠ ಗಿರ್ನಾರ್ ಮುಂತಾದ ಕಡೆ ಸಿಗುತ್ತೆ. ಸಾರಾಂಶ ಇಷ್ಟು: ಎಲ್ಲ ಪಂಥಗಳ ಸಾರ ಬೆಳೆಯಬೇಕು, ಅದಕ್ಕೆ ಮೂಲ ‘ವಚಿಗುತಿ’, ಅಂದರೆ ಮಾತಿನ ಮೇಲಿನ ಹಿಡಿತ, ತನ್ನ ಪಂಥ ಹೊಗಳೋಕೆ ಹೋಗಿ ಬೇರೆಯದನ್ನ ತೆಗಳುವವನು ತನ್ನದಕ್ಕೇ ಹೆಚ್ಚು ಹಾನಿ ಮಾಡ್ತಾನೆ. ಶಿವಾಜಿನಗರದಲ್ಲಿ ಚುನಾವಣೆ ಟೈಮಲ್ಲಿ ಆಟೋಗೆ ಮೈಕ್ ಕಟ್ಟಿಕೊಂಡು ಹೋಗೋರಿಗೂ ಹೇಳಬಹುದಾದ ಮಾತು.

ಇದೇ 12ನೇ ಶಾಸನದ ಕೊನೆಯ ಭಾಗ ಮತ್ತು 13ರ ಮೊದಲ ಭಾಗ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ 1963ರಲ್ಲಿ ಸಿಕ್ಕಿತು, ಗ್ರೀಕ್ ಭಾಷೆಯಲ್ಲಿ! ಅಲ್ಲಿ ಧರ್ಮ ‘ಯುಸೆಬೆಯ’ ಆಗಿದೆ, ಅಂದರೆ ಭಯಭಕ್ತಿ. ಪಾಷಂಡ, ಅಂದರೆ ಪಂಥ, ‘ದಿಯಾತ್ರಿಬೆ’ ಆಗಿದೆ. ಗ್ರೀಕರು ತತ್ವಶಾಸ್ತ್ರದ ಶಾಲೆಗೆ ಬಳಸುತ್ತಿದ್ದ ಪದ. ನಾಲಿಗೆಯ ಮೇಲೆ ಹಿಡಿತ ಇರುವವನೇ ನಿಜವಾದ ಸಂಯಮಿ ಅನ್ನೋ ಅರ್ಥದ ಮಾತೂ ಇದೆ. ಇದು ಪದಕ್ಕೆ ಪದ ಇಟ್ಟ ಅನುವಾದ ಅಲ್ಲ. ಗ್ರೀಕ್ ಕಿವಿಗೆ ಒಗ್ಗುವ ಹಾಗೆ ಯಾರೋ ಬಲ್ಲವರು ಮಾತನ್ನ ಹೊಸದಾಗಿ ಕಟ್ಟಿದ್ದಾರೆ.

ಹೇಳದೇ ಬಿಟ್ಟ ಮಾತು

13ನೇ ಶಾಸನದಲ್ಲಿ ಅಶೋಕ ಕಳಿಂಗ ಯುದ್ಧದ ಬಗ್ಗೆ ಪಶ್ಚಾತ್ತಾಪ ಪಡ್ತಾನೆ. 1,00,000 ಜನ ಹತರಾದರು, 1,50,000 ಜನರನ್ನ ಹಿಡಿದು ಸಾಗಿಸಲಾಯಿತು ಅನ್ನೋ ಲೆಕ್ಕ ಆತನೇ ಕೊಡೋದು. ಇದು ಕಂದಹಾರ್‌ನ ಗ್ರೀಕರಿಗೆ ತಿಳಿಯಿತು. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡದಲ್ಲಿ ಈ ಶಾಸನ ಇಲ್ಲ. ಅದರ ಜಾಗದಲ್ಲಿರೋದು, ಎಲ್ಲ ಜನರೂ ನನ್ನ ಮಕ್ಕಳು ಅನ್ನುವ ಪ್ರತ್ಯೇಕ ಶಾಸನಗಳು. ಸನ್ನತಿಯ ಕಲ್ಲಿನಲ್ಲಿ ಉಳಿದಿರುವ ಭಾಗದಲ್ಲೂ 13 ಇಲ್ಲ. ಸೋತವರ ಮುಂದೆ ಆ ಗಾಯ ಕೆದಕೋದು ಬೇಡ ಅನ್ನೋ ರಾಜಕೀಯ ಎಚ್ಚರ ಇದು ಅಂತ ಅನೇಕ ವಿದ್ವಾಂಸರ ಊಹೆ. ಕೇಳುಗರು ಯಾರು ಅಂತ ನೋಡಿ ಮಾತು ಆರಿಸೋದೇ ಅಲ್ಲವೇ ಭಾಷಣದ ಮೊದಲ ಪಾಠ?

ಥುಸಿಡಿಡೀಸ್ ಹೇಳಿದ ಹಾಗೆ ಅಶೋಕನ ಶಾಸನವೂ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತೆ. 14ನೇ ಶಾಸನದ ಪ್ರಕಾರ ಕೆಲವನ್ನ ಸಂಕ್ಷಿಪ್ತವಾಗಿ, ಕೆಲವನ್ನ ಮಧ್ಯಮವಾಗಿ, ಕೆಲವನ್ನ ವಿಸ್ತಾರವಾಗಿ ಬರೆಸಲಾಗಿದೆ. ಎಲ್ಲವೂ ಎಲ್ಲ ಕಡೆಗೂ ಹೊಂದಲ್ಲ. ಮಾಧುರ್ಯಕ್ಕಾಗಿ ಕೆಲವು ಮಾತು ಮತ್ತೆ ಮತ್ತೆ ಬಂದಿದೆ. ಲಿಪಿಕಾರನ ತಪ್ಪಿನಿಂದ ಅರ್ಧಂಬರ್ಧ ಆಗಿರಲೂಬಹುದು. 2,200 ವರ್ಷಕ್ಕೂ ಹಿಂದೆ ಇಷ್ಟು ಪ್ರಾಮಾಣಿಕವಾದ ಟಿಪ್ಪಣಿ!

ಹಾಗಾಗಿ ‘ಅಶೋಕ ಹೀಗೆ ಹೇಳಿದ’ ಅನ್ನೋ ಪೋಸ್ಟ್ ಹಂಚೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಊರಿನ ಪಾಠ? ಯಾರ್ಯಾರ ಕೈ ದಾಟಿ ಬಂದಿದೆ? ಬೇರೆ ಊರಿನ ಪ್ರತಿಯಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನು? ಪೆರಿಕ್ಲಿಸ್‌ನ ಆ ಭಾಷಣಕ್ಕೆ ಹೋಲಿಸಿ ನೋಡೋಕೆ ಇನ್ನೊಂದು ಸ್ವತಂತ್ರ ಪಾಠ ಇಲ್ಲ. ಅಶೋಕನ ಮಾತಿಗೆ ಊರೂರಲ್ಲಿ ಪ್ರತಿಗಳಿವೆ. ಸನ್ನತಿಯ ಕಲ್ಲಿನಲ್ಲಿ ತೂತು ಬಿದ್ದ ಕಡೆ ಏನಿತ್ತು ಅಂತ ನಾವು ಅಂದಾಜು ಮಾಡೋಕೆ ಆಗೋದೂ ಉಳಿದ ಊರಿನ ಪ್ರತಿಗಳಿಂದಲೇ. ಅದಕ್ಕೇ ಫೋಟೋ ಹಾಕುವಾಗ ಕಲ್ಲಿರುವ ಊರಿನ ಹೆಸರು ತಪ್ಪದೆ ಬರೀರಿ. ಅದಿಲ್ಲದೆ ಈ ಹೋಲಿಕೆ ಯಾರಿಗೂ ಮಾಡೋಕಾಗಲ್ಲ.