ಅವಘಡದ ಜಾಗದಲ್ಲಿ ಯಜಮಾನ ಯಾರು?

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳ ಪಶ್ಚಿಮಕ್ಕೆ, ವೆಸ್ಟ್ ಸ್ಟ್ರೀಟಿನಲ್ಲಿ, ಅಗ್ನಿಶಾಮಕ ದಳದ ಮುಖ್ಯಸ್ಥರು ನಿಂತು ಆದೇಶ ಕೊಡುತ್ತಿದ್ದರು. ಪೊಲೀಸರು ಜಮಾಯಿಸಿದ್ದು ಇನ್ನೊಂದು ಬದಿಗೆ, ಚರ್ಚ್ ಮತ್ತು ವೆಸಿ ರಸ್ತೆಗಳು ಕೂಡುವಲ್ಲಿ. ದಕ್ಷಿಣದ ಗೋಪುರ ಕುಸಿದ ಮೇಲೆ, ಪೊಲೀಸ್ ಹೆಲಿಕಾಪ್ಟರಿನಲ್ಲಿದ್ದವರು ಉತ್ತರದ್ದೂ ಉಳಿಯುವುದಿಲ್ಲ ಎಂದು ರೇಡಿಯೋದಲ್ಲಿ ಎಚ್ಚರಿಸಿದರು. ಅದು ಪೊಲೀಸರ ರೇಡಿಯೋ; ಅಗ್ನಿಶಾಮಕದವರದು ಬೇರೆಯೇ. ಅಂದು ಆ ದಳ 343 ಜನರನ್ನು ಕಳೆದುಕೊಂಡಿತು. ರೇಡಿಯೋ ಒಂದೇ ಆಗಿದ್ದರೆ ಅಷ್ಟೂ ಜನ ಬದುಕುತ್ತಿದ್ದರು ಎನ್ನಲಾಗದು. ಆದರೆ ಎರಡೂ ಕಡೆಯ ಹಿರಿಯರು ಒಂದೇ ಕಡೆ ನಿಂತಿದ್ದರೆ ಆ ಎಚ್ಚರಿಕೆ ಅರೆಗಳಿಗೆಯಲ್ಲಿ ದಾಟುತ್ತಿತ್ತು.

ಈ ಎರಡು ಇಲಾಖೆಗಳ ಜಿದ್ದು ಹಳೆಯದು. ಜನರನ್ನು ರಕ್ಷಿಸುವ ವಿಶೇಷ ತುಕಡಿಗಳು ಇಬ್ಬರಲ್ಲೂ ಇವೆ. ಘಟನಾ ಸ್ಥಳದಲ್ಲೇ ಕೈಕೈ ಮಿಲಾಯಿಸಿದ್ದೂ ಉಂಟು. 2003ರಲ್ಲಿ ಅಧ್ಯಕ್ಷ ಬುಷ್ ಇಡೀ ದೇಶಕ್ಕೆ ಅವಘಡ ನಿರ್ವಹಣೆಯ ಒಂದೇ ಪದ್ಧತಿ ಬೇಕೆಂದು ಆದೇಶಿಸಿದರು. ಒಪ್ಪದ ನಗರಗಳಿಗೆ ಕೇಂದ್ರದ ಅನುದಾನ ಕೈತಪ್ಪುತ್ತಿತ್ತು. 2004ರ ಮೇ ತಿಂಗಳಲ್ಲಿ ಮೇಯರ್ ಬ್ಲೂಮ್‌ಬರ್ಗ್ ನ್ಯೂಯಾರ್ಕಿನ ಪದ್ಧತಿಯನ್ನು ಪ್ರಕಟಿಸಿದರು. ದುಡ್ಡಿನ ಮಾತು ಬಂದರೆ ಜಿದ್ದೂ ತುಸು ತಗ್ಗುತ್ತದೆ.

ಈ ಪದ್ಧತಿಯ ಬೇರು ಕ್ಯಾಲಿಫೋರ್ನಿಯಾದಲ್ಲಿದೆ. 1970ರಲ್ಲಿ ಅಲ್ಲಿ ಹದಿಮೂರು ದಿನ ಉರಿದ ಕಾಡ್ಗಿಚ್ಚುಗಳು 16 ಜನರನ್ನು ಬಲಿ ಪಡೆದವು. ನೆರವಿಗೆ ಓಡಿಬಂದ ಒಂದೊಂದು ದಳವೂ ತನ್ನದೇ ಸಂಕೇತ, ತನ್ನದೇ ಹುದ್ದೆಯ ಹೆಸರುಗಳನ್ನು ಹೊತ್ತು ತಂದಿತ್ತು. ಆ ಗೊಂದಲದಿಂದ ಹುಟ್ಟಿದ್ದು ‘ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್’.

ಅದರ ಪ್ರಕಾರ ಮೊದಲು ತಲುಪಿದ ಅರ್ಹ ಅಧಿಕಾರಿಯೇ ಕಮಾಂಡರ್. ಹಿರಿಯರು ಬಂದರೂ ವಿಷಯವೆಲ್ಲ ತಿಳಿದುಕೊಂಡು ವಿಧಿವತ್ತಾಗಿ ವಹಿಸಿಕೊಳ್ಳುವ ತನಕ ಅಧಿಕಾರ ಕೈ ಬದಲಾಗದು. ಈ ಹಸ್ತಾಂತರಕ್ಕೆ 201 ಎಂಬ ಫಾರಂ ಇದೆ: ಸ್ಥಳದ ಕೈನಕ್ಷೆ, ಈವರೆಗೆ ಮಾಡಿದ್ದು, ಮುಂದಿನ ಗುರಿ, ಯಾವ ವಾಹನ ಎಲ್ಲಿದೆ ಎಂಬ ಪಟ್ಟಿ. ಜೀಪಿನ ಬಾನೆಟ್ ಮೇಲೆ ಇಟ್ಟು ಪೆನ್ಸಿಲ್ಲಿನಲ್ಲಿ ಗೀಚಿದರೂ ಸಾಕು. ಯಾರು ಏನು ಎಂಬುದು ಜಾಕೆಟ್ಟಿನ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ. ಒಬ್ಬರ ಕೈಕೆಳಗೆ ನೇರವಾಗಿ ಮೂರರಿಂದ ಏಳು ಜನ, ಐದಾದರೆ ಉತ್ತಮ. ರೇಡಿಯೋದಲ್ಲಿ ಸಂಕೇತ ಸಂಖ್ಯೆ ಬೇಡ, ಬಿಡಿಸಿ ಮಾತಾಡಬೇಕು.

ನ್ಯೂಯಾರ್ಕಿನಲ್ಲಿ ಕಗ್ಗಂಟಾದದ್ದು ವಿಷಾನಿಲ, ರಾಸಾಯನಿಕ ಸೋರಿಕೆಗಳ ವಿಷಯ. ಅಲ್ಲಿ ಭಯೋತ್ಪಾದನೆಯ ಶಂಕೆ ಇರಬಹುದೆಂದು ನಗರದ ಹೊಸ ಪದ್ಧತಿ ಪೊಲೀಸರಿಗೆ ಹಿರಿತನ ಕೊಟ್ಟಿತು. 2005ರಲ್ಲಿ ಅಗ್ನಿಶಾಮಕದ ಮುಖ್ಯಸ್ಥ ಪೀಟರ್ ಹೇಡನ್ ನಗರ ಕೌನ್ಸಿಲ್ ಮುಂದೆಯೇ ಇದನ್ನು ವಿರೋಧಿಸಿದರು. ಗೋಪುರಗಳು ಉರಿದ ದಿನ ಉತ್ತರ ಗೋಪುರದ ಲಾಬಿಯಲ್ಲಿ ನಿಂತು ಆದೇಶ ಕೊಟ್ಟವರಲ್ಲಿ ಒಬ್ಬರು ಅವರು. ನನಗೆ ಅವರ ವಾದವೇ ಸರಿ ಎನಿಸುತ್ತದೆ: ಸುಳಿವು ಆಮೇಲೂ ಹುಡುಕಬಹುದು, ಉಸಿರಿಗೆ ಕಾಯುವ ಪುರುಸೊತ್ತಿಲ್ಲ.

ಭಾರತದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇನ್ಸಿಡೆಂಟ್ ಕಮಾಂಡ್ ಮಾದರಿಯನ್ನು ನಮ್ಮ ಆಡಳಿತಕ್ಕೆ ಒಗ್ಗಿಸಿ ಮಾರ್ಗಸೂಚಿ ಹೊರಡಿಸಿತು. ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಗೆ. ತಾಲ್ಲೂಕಿನಲ್ಲಿ ತಹಶೀಲ್ದಾರರೇ ಕಮಾಂಡರ್ ಆಗಬಹುದು. ಕರ್ನಾಟಕದ ಅಗ್ನಿಶಾಮಕ ಇಲಾಖೆಗೆ ಐಪಿಎಸ್ ಅಧಿಕಾರಿಯೇ ಮುಖ್ಯಸ್ಥರಾದ್ದರಿಂದ ನ್ಯೂಯಾರ್ಕಿನ ಜಗಳ ಇಲ್ಲಿ ಅದೇ ರೂಪದಲ್ಲಿ ಏಳಲಿಕ್ಕಿಲ್ಲ. ಎದ್ದರೆ ಕಂದಾಯದವರು, ಪಾಲಿಕೆ, ಜಲಮಂಡಳಿ, ಕರೆಂಟಿನವರ ನಡುವೆ ಎದ್ದೀತು.