ಒಕ್ಕಲು ಮತ್ತು ಸಾಕುಪ್ರಾಣಿ: ಬಾಡಿಗೆಮನೆಯಿಂದ ಮಾರ್ಟಳ್ಳಿಯ ಕಾಡಂಚಿನವರೆಗೆ

ಬಾಡಿಗೆಗೆ ಮನೆ ಕೊಡುವವರು ಅಲ್ಲಿ ವಾಸಿಸುವವರಿಗೆ ಪ್ರಾಣಿಗಳನ್ನು ಸಾಕಲು ಅವಕಾಶ ಕೊಡಬೇಕೇ ಎಂಬುದು ನಗರವಾಸಿಗಳ ಸಣ್ಣ ಜಗಳವೆಂದು ತೋರುವುದುಂಟು. ನಾಯಿ ಬೊಗಳುತ್ತದೆ, ಬೆಕ್ಕು ಬಾಗಿಲು ಕೆರೆಯುತ್ತದೆ, ಮನೆಯೊಡೆಯನು ಮುನಿಯುತ್ತಾನೆ. ಇದರಲ್ಲಿ ಇತಿಹಾಸದ ವಿದ್ಯಾರ್ಥಿಗೆ ಏನು ಕೆಲಸವೆಂದು ಯಾರಾದರೂ ಕೇಳಿಯಾರು. ಆದರೆ ನಮ್ಮ ನುಡಿಯಲ್ಲಿ ‘ಒಕ್ಕಲು’ ಎಂಬ ಮಾತಿಗೆ ಮನೆಯಲ್ಲಿ ನೆಲೆಸಿದವನೆಂಬ ಅರ್ಥವೂ ಇನ್ನೊಬ್ಬರ ನೆಲವನ್ನು ಉಳುವವನೆಂಬ ಅರ್ಥವೂ ಕೂಡಿಕೊಂಡಿವೆ. ‘ಸಾಕುಪ್ರಾಣಿ’ ಎಂಬ ಮಾತಾದರೂ ಮುದ್ದಿನ ನಾಯಿಯನ್ನೂ ಹಟ್ಟಿಯ ಹಸುವನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಈ ಎರಡು ಮಾತುಗಳನ್ನು ಹಿಡಿದು ಕೇಳಿದರೆ ಪ್ರಶ್ನೆಯು ದೊಡ್ಡದಾಗುತ್ತದೆ: ಇನ್ನೊಬ್ಬರ ಒಡೆತನದ ನೆಲೆಯಲ್ಲಿ ಬಾಳುವವನಿಗೆ ತನ್ನ ಪ್ರಾಣಿಯನ್ನು ಜೊತೆಯಲ್ಲಿಟ್ಟುಕೊಳ್ಳುವ ಹಕ್ಕು ಉಂಟೇ? ಹೀಗೆ ಕೇಳಿದಾಗ ನಮ್ಮ ನಾಡಿನ ಅತಿ ದೊಡ್ಡ ಒಡೆಯನು ಸರ್ಕಾರವೇ ಆಗಿರುವುದು ಕಾಣುತ್ತದೆ. ಆದುದರಿಂದ ನಾವು ಬಾಡಿಗೆಮನೆಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿ, ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಸೀಮೆಯಲ್ಲಿ ಇದೇ ಪ್ರಶ್ನೆಯು ತಳೆದಿರುವ ರೂಪವನ್ನು ವಿವರವಾಗಿ ನೋಡಲು ಬಯಸುತ್ತೇವೆ.

ಮನೆಯ ಮಟ್ಟಿಗೆ ನಮ್ಮ ಕಾನೂನು ಹೆಚ್ಚುಕಡಿಮೆ ಮೌನವಾಗಿದೆ. ೧೮೮೨ರ ಸ್ವತ್ತು ವರ್ಗಾವಣೆ ಕಾನೂನಿನ ೧೦೮ನೆಯ ಪ್ರಕರಣವು, ಬಾಡಿಗೆದಾರನು ಸ್ವತ್ತನ್ನು ವಿವೇಕಿಯೊಬ್ಬನು ತನ್ನದನ್ನು ಬಳಸುವಂತೆ ಬಳಸಬೇಕು, ಸಹಜವಾದ ಸವೆತವನ್ನು ಬಿಟ್ಟು ಮೊದಲಿದ್ದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು ಎಂದು ವಿಧಿಸುತ್ತದೆಯೇ ಹೊರತು ಪ್ರಾಣಿಯ ಮಾತನ್ನು ಎತ್ತುವುದಿಲ್ಲ. ಉಳಿದುದೆಲ್ಲ ಕರಾರಿಗೆ ಬಿಟ್ಟದ್ದು. ಕರಾರನ್ನು ಬರೆಯುವವನು ಸಾಮಾನ್ಯವಾಗಿ ಮನೆಯೊಡೆಯನೇ. ಫ್ರಾನ್ಸ್ ದೇಶವು ೧೯೭೦ರ ಜುಲೈ ೯ರ ಕಾನೂನಿನಿಂದ, ವಾಸದ ಮನೆಗಳ ಕರಾರಿನಲ್ಲಿ ಸಾಕುಪ್ರಾಣಿಯನ್ನು ನಿಷೇಧಿಸುವ ಮಾತಿದ್ದರೆ ಅದು ಅಸಿಂಧುವೆಂದು ಸಾರಿತು. ಆದರೆ ಪ್ರಾಣಿಯು ಮನೆಗೆ ಕೇಡನ್ನಾಗಲಿ ನೆರೆಯವರಿಗೆ ತೊಂದರೆಯನ್ನಾಗಲಿ ಮಾಡಕೂಡದು. ಜರ್ಮನಿಯ ಉಚ್ಚ ನ್ಯಾಯಪೀಠವು ೨೦೧೩ರಲ್ಲಿ ನಾಯಿ ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಅಚ್ಚಿನ ಕರಾರುಗಳನ್ನು ತಳ್ಳಿಹಾಕಿತು. ಇಂಗ್ಲೆಂಡಿನಲ್ಲಿ ೨೦೨೫ರಲ್ಲಿ ಅಂಗೀಕೃತವಾದ ಕಾನೂನು, ಒಕ್ಕಲಿನವನು ಬರೆದು ಕೇಳಿದರೆ ಒಡೆಯನು ತಕ್ಕ ಕಾರಣವಿಲ್ಲದೆ ನಿರಾಕರಿಸಬಾರದೆನ್ನುತ್ತದೆ. ಮೂರರಲ್ಲಿಯೂ ಒಂದು ತತ್ತ್ವವು ಎದ್ದು ಕಾಣುತ್ತದೆ. ‘ಪ್ರಾಣಿ ಇರಬಹುದೇ’ ಎಂಬುದಕ್ಕಿಂತ ‘ಅದರಿಂದ ಯಾವ ಕೇಡು, ಅದಕ್ಕೆ ಹೊಣೆ ಯಾರು’ ಎಂಬುದೇ ಅಲ್ಲಿ ಮುಖ್ಯವಾದ ವಿಚಾರ.

ಈಗ ಮಾರ್ಟಳ್ಳಿಗೆ ಬರೋಣ. ಕನ್ನಡವೂ ತಮಿಳೂ ಬೆರೆತು ಕೇಳಿಬರುವ, ಕಾಡಂಚಿನ ಈ ಊರು ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ್ದರೂ, ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲ ತಾಲ್ಲೂಕಿನ ಉಳಿದ ಭಾಗದೊಡನೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗಾಗಿ ಇಲ್ಲಿಯ ಕಾಡಿನ ಇತಿಹಾಸವು ಮೈಸೂರಿನದಲ್ಲ, ಮದರಾಸಿನದು. ಸ್ವತ್ತು ವರ್ಗಾವಣೆ ಕಾನೂನು ಹುಟ್ಟಿದ ೧೮೮೨ರಲ್ಲಿಯೇ ಮದರಾಸ್ ಅರಣ್ಯ ಕಾನೂನೂ ಹುಟ್ಟಿತೆಂಬುದು ಕಾಕತಾಳೀಯವಾದರೂ ಅರ್ಥವತ್ತಾದುದು. ಆ ಕಾನೂನಿನಂತೆ ಕಾಡನ್ನು ಮೀಸಲೆಂದು ಘೋಷಿಸುವ ಮುನ್ನ ಬಂದೋಬಸ್ತಿನ ಅಧಿಕಾರಿಯೊಬ್ಬನು ದಾರಿ, ನೀರು, ಮೇವು ಮುಂತಾದ ಹಕ್ಕುಗಳನ್ನು ಕುರಿತ ಅಹವಾಲುಗಳನ್ನು ಕೇಳಬೇಕಾಗಿತ್ತು. ಕೇಳಿದ ಮೇಲೆ ಉಳಿದುದು ಬಹುಮಟ್ಟಿಗೆ ಹಕ್ಕಲ್ಲ, ಅನುಮತಿ: ತಲೆಗೆ ಇಷ್ಟೆಂದು ಶುಲ್ಕ ಕಟ್ಟಿ ಪರವಾನಗಿ ಪಡೆದು ದನ ಮೇಯಿಸುವುದು. ಒಡೆಯನು ಬದಲಾಗಿದ್ದನು, ಒಕ್ಕಲು ಬದಲಾಗಿರಲಿಲ್ಲ.

ದನಗಾಹಿಗಳು ಕಾಡಿನೊಳಗೆ ಮುಳ್ಳುಬೇಲಿ ಕಟ್ಟಿ ರಾತ್ರಿ ದನ ಕೂಡುವ ನೆಲೆಗೆ ಈ ಸೀಮೆಯಲ್ಲಿ ‘ದೊಡ್ಡಿ’ ಎಂಬ ಹೆಸರು. ದೊಡ್ಡಿ ಎಂದು ಮುಗಿಯುವ ಊರುಗಳು ಇಲ್ಲಿ ಹಲವು. ಅತ್ತ ೧೮೭೧ರ ದನಗಳ ಅತಿಕ್ರಮ ಪ್ರವೇಶ ಕಾನೂನಿನಂತೆ ತಂಟೆಮಾಡಿದ ದನಗಳನ್ನು ಸರ್ಕಾರವು ಕೂಡಿಹಾಕುವ ಆವರಣಕ್ಕೂ ಕನ್ನಡದಲ್ಲಿ ದೊಡ್ಡಿ ಎಂದೇ ಹೆಸರು! ಒಂದೇ ಪದದೊಳಗೆ ಆಶ್ರಯವೂ ಸೆರೆಯೂ ಇವೆ. ಗಡಿಯಾಚೆ ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಕನ್ನಡ ನುಡಿಯುವ ಲಿಂಗಾಯತರು ಸಾಕಿಕೊಂಡು ಬಂದ, ಕೆಂಗಂದು ಮೈಯ ಮೇಲೆ ಬಿಳಿಯ ಮಚ್ಚೆಗಳುಳ್ಳ ಬರಗೂರು ತಳಿಯೂ ಇಂಥ ಕಾಡುಮೇವಿನಿಂದಲೇ ರೂಪುಗೊಂಡುದು. ಮಾದೇಶ್ವರನಿಗೆ ಗುಡಿ ಕಟ್ಟಿಸಿದವನೆಂದು ಜನರು ಹಾಡುವ ಜುಂಜೇಗೌಡನು ಆಲಂಬಾಡಿಯವನು; ಆಲಂಬಾಡಿಯೆಂಬುದೂ ಒಂದು ದನದ ತಳಿಯ ಹೆಸರು. ಅವನ ದೇವರಾದರೋ ಹುಲಿಯನ್ನು ಏರಿದವನು.

ಹುಲಿಗೂ ದನಕ್ಕೂ ಇಂದಿನ ಕಾನೂನಿನಲ್ಲಿ ಏರ್ಪಟ್ಟಿರುವ ಸಂಬಂಧವನ್ನು ಮಾತ್ರ ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದನ್ನು ಪೂರ್ತಿಯಾಗಿ ತಡೆಯುತ್ತದೆ. ವನ್ಯಧಾಮದಲ್ಲಾದರೆ ಹಾಗಲ್ಲ, ವನ್ಯಜೀವಿಗಳ ಹಿತಕ್ಕೆ ಅನುಗುಣವಾಗಿ ಮೇವನ್ನು ಕ್ರಮಪಡಿಸುವ, ಹತೋಟಿಯಲ್ಲಿಡುವ ಅಥವಾ ನಿಷೇಧಿಸುವ ಅಧಿಕಾರವನ್ನು ೩೩ನೆಯ ಪ್ರಕರಣವು ಮುಖ್ಯ ವನ್ಯಜೀವಿ ಪರಿಪಾಲಕನಿಗೆ ಕೊಡುತ್ತದೆ. ವನ್ಯಧಾಮದಿಂದ ಐದು ಕಿಲೋಮೀಟರಿನೊಳಗಿರುವ ದನಗಳಿಗೆ ರೋಗನಿರೋಧಕ ಚುಚ್ಚುಮದ್ದು ಹಾಕಿಸುವ ಏರ್ಪಾಡನ್ನೂ ಅದೇ ಕಾನೂನು ವಿಧಿಸುತ್ತದೆ. ಮಲೆ ಮಹದೇಶ್ವರ ಅರಣ್ಯವು ೨೦೧೩ರಲ್ಲಿ ವನ್ಯಧಾಮವಾಯಿತು, ರಾಷ್ಟ್ರೀಯ ಉದ್ಯಾನವಲ್ಲ. ಎಂದರೆ ಶಾಸನವೇ ಒಡೆಯನ ಕೈಗೆ ‘ಇಲ್ಲ’ ಎಂಬ ಒಂದು ಮಾತನ್ನಲ್ಲದೆ ‘ಇಷ್ಟು, ಇಲ್ಲಿ, ಈ ಕಾಲದಲ್ಲಿ’ ಎಂಬ ಮಾತುಗಳನ್ನೂ ಕೊಟ್ಟಿದೆ.

೨೦೨೫ರ ಜೂನ್ ೨೬ರಂದು ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುದು ಕಂಡುಬಂದಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದ್ದು ಕಾರಣವೆಂದು ತನಿಖೆಯು ತೋರಿಸಿತು. ಕೆಲವರ ಬಂಧನವೂ ಆಯಿತು. ಮುಂದಿನ ತಿಂಗಳಲ್ಲಿ ರಾಜ್ಯದ ಅರಣ್ಯ ಸಚಿವರು ಕಾಡಿನೊಳಗೆ ದನ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಕೊಳ್ಳಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ಅದಕ್ಕೆ ಮದರಾಸ್ ಉಚ್ಚ ನ್ಯಾಯಾಲಯದ ತೀರ್ಪೊಂದನ್ನು ಆಧಾರವಾಗಿ ಎತ್ತಿದರು. ಕಾಡಂಚಿನ ಒಕ್ಕಲುಮಕ್ಕಳು ಪ್ರತಿಭಟಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಆ ನ್ಯಾಯಾಲಯವು ೨೦೨೨ರ ಮಾರ್ಚಿಯಲ್ಲಿ ಮೊದಲು ತಮಿಳುನಾಡಿನ ಎಲ್ಲ ಕಾಡುಗಳಿಗೂ ಹಾಕಿದ ನಿಷೇಧವನ್ನು ಕೆಲವೇ ದಿನಗಳಲ್ಲಿ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಿತಗೊಳಿಸಿತ್ತು.

ಒಡೆಯನ ಪಕ್ಷದಲ್ಲಿ ಬಲವಾದ ವಾದವೇ ಇದೆ. ೧೯೬೮ರಲ್ಲಿ ದೊಡ್ಡರೋಗವು ಬಂಡೀಪುರ, ಮುದುಮಲೆಗಳ ಕಾಟಿಗಳನ್ನು ಸಾಲುಸಾಲಾಗಿ ಕೆಡವಿತು. ಆ ರೋಗವು ಜಗತ್ತಿನಿಂದ ತೊಲಗಿತೆಂದು ಸಾರಿದುದು ೨೦೧೧ರಲ್ಲಿ. ಕಾಲುಬಾಯಿ ಜ್ವರವು ಇನ್ನೂ ಇದೆ. ಲಂಟಾನ ಹಬ್ಬಿ ಹುಲ್ಲು ಕುಗ್ಗಿರುವ ಕಾಡಿನಲ್ಲಿ ದನ ಮೇದುದು ಜಿಂಕೆಗೆ ಉಳಿಯದು. ಬಾಡಿಗೆಮನೆಯೊಡೆಯನಂತೆ ಸರ್ಕಾರವು ತನ್ನ ಸ್ವತ್ತಿನ ಚಂದವನ್ನಷ್ಟೇ ಕಾಯುತ್ತಿಲ್ಲ. ಮಾತಾಡಲಾರದ ಇನ್ನೊಂದು ಒಕ್ಕಲಿನ ಪರವಾಗಿಯೂ ನಿಂತಿದೆ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ದೂರದೂರಿನ ಧನಿಕರ ಮಂದೆಗಳನ್ನು ಕೂಲಿಗೆ ಮೇಯಿಸುವುದು ಎಲ್ಲಿ ನಡೆದರೂ ಅದನ್ನು ಮನೆಯ ಎರಡು ಹಸುಗಳ ಸಾಕಣೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆದರೂ ಸಾರಾಸಗಟಾದ ನಿಷೇಧದಲ್ಲಿ ಒಂದು ದೋಷವಿದೆ. ಅದು ಮನೆಯಲ್ಲಿಯೂ ಕಾಡಿನಲ್ಲಿಯೂ ಒಂದೇ. ನಿಷೇಧವು ಪ್ರಾಣಿಯನ್ನು ಇಲ್ಲವಾಗಿಸುವುದಿಲ್ಲ, ಗುಟ್ಟಾಗಿಸುತ್ತದೆ. ಬೆಕ್ಕನ್ನು ಬಚ್ಚಿಟ್ಟು ಸಾಕುವವನು ಅದು ಕೆಡಿಸಿದ ಬಾಗಿಲಿನ ಸುದ್ದಿಯನ್ನು ಒಡೆಯನಿಗೆ ಹೇಳುವುದಿಲ್ಲ. ಅನುಮತಿಯಿಲ್ಲದೆ ಕಾಡಿಗೆ ಹೊಡೆದ ಹಸುವನ್ನು ಹುಲಿ ಕೊಂದರೆ ಅದರ ಒಡೆಯನು ಪರಿಹಾರಕ್ಕೆ ಅರ್ಜಿ ಬರೆಯಲು ಹಿಂಜರಿಯುತ್ತಾನೆ. ಬರೆದರೆ ಅದು ತನ್ನ ಅಪರಾಧಕ್ಕೆ ತಾನೇ ಬರೆದುಕೊಟ್ಟ ಸಾಕ್ಷಿ. ಆಗ ಅವನ ಕೈಯಲ್ಲಿ ಉಳಿಯುವುದು ಸತ್ತ ಹಸು, ಸಾಲ, ಸಿಟ್ಟು. ವಿಷವು ಅಲ್ಲಿಂದಲೇ ಬರುತ್ತದೆ. ತಲೆಯೆಣಿಸಿ ಗುರುತುಪಟ್ಟಿ ಹಾಕಿದ ದನ, ಚುಚ್ಚುಮದ್ದಿನ ದಾಖಲೆ, ಮೇವಿಗೆ ಗೊತ್ತಾದ ಎಲ್ಲೆ, ಸತ್ತರೆ ತಡವಿಲ್ಲದ ಪರಿಹಾರ: ಇವು ದುಬಾರಿಯಾದರೂ ಹುಲಿಗೆ ಹೆಚ್ಚಿನ ರಕ್ಷಣೆಯೆಂದೇ ನಮ್ಮ ಅಭಿಪ್ರಾಯ. ಹಳೆಯ ಪರವಾನಗಿ ಪದ್ಧತಿಯು ವರಮಾನದ ಆಸೆಯಿಂದ ಹುಟ್ಟಿದ್ದಿರಬಹುದು. ಆದರೆ ಯಾರ ದನ ಎಷ್ಟು ಎಂಬುದಾದರೂ ಅದರಿಂದ ತಿಳಿಯುತ್ತಿತ್ತು.

ಇನ್ನು ಹಕ್ಕಿನ ಮಾತು. ೨೦೦೬ರ ಅರಣ್ಯ ಹಕ್ಕುಗಳ ಕಾನೂನು ಮೇವಿನ ಹಕ್ಕನ್ನು ಸಮುದಾಯದ ಹಕ್ಕುಗಳಲ್ಲೊಂದಾಗಿ ಹೆಸರಿಸಿದೆ. ಅದು ವನ್ಯಧಾಮಗಳಿಗೂ ಅನ್ವಯಿಸುತ್ತದೆ. ಆದರೆ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ೧೯೩೦ಕ್ಕೆ ಹೋಗುತ್ತದೆ. ಆಗ ಮಾರ್ಟಳ್ಳಿಯು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದುದರಿಂದ ಇಲ್ಲಿಯ ರೈತನೊಬ್ಬನ ಹಸುವಿನ ಹಕ್ಕಿಗೆ ಬೇಕಾದ ಕಾಗದವನ್ನು ಹನೂರಿನ ಕಚೇರಿಯಲ್ಲಿ ಮಾತ್ರ ಅರಸಿದರೆ ಸಾಲದು. ಮದರಾಸ್ ಆಡಳಿತದ ಬಂದೋಬಸ್ತಿನ ಕಡತಗಳನ್ನೂ ಮೇವಿನ ಲೆಕ್ಕಗಳನ್ನೂ ನೋಡಬೇಕು. ಕಾನೂನಿನ ೨೦೦೮ರ ನಿಯಮಗಳು ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷ್ಯವಾಗಿ ಎಣಿಸುತ್ತವೆ. ದೊಡ್ಡಿಗಳಿದ್ದ ತಾಣ, ದನ ಇಳಿಯುತ್ತಿದ್ದ ಹಳ್ಳ, ಶುಲ್ಕ ಕಟ್ಟುತ್ತಿದ್ದ ಠಾಣೆ ಇವನ್ನು ಬಲ್ಲವರು ಈಗ ಎಂಬತ್ತು ತೊಂಬತ್ತರ ವಯಸ್ಸಿನವರು. ರಜೆಯಲ್ಲಿ ಊರಿಗೆ ಹೋಗುವ ಕೊಳ್ಳೇಗಾಲ, ಹನೂರು ಸೀಮೆಯ ವಿದ್ಯಾರ್ಥಿಗಳು ಈ ಹೇಳಿಕೆಗಳನ್ನು ತಾರೀಖು ಸಹಿತವಾಗಿ, ತಮಿಳಿನಲ್ಲಿ ಹೇಳಿದ್ದನ್ನು ತಮಿಳಿನಲ್ಲಿಯೇ ಬರೆದುಕೊಂಡು ಬರಬೇಕೆಂದು ಕೋರುತ್ತೇವೆ.