ವೈದ್ಯಕೀಯ ಪದಗಳನ್ನು ಬಿಡಿಸಿ ಓದುವ ಬಗೆ

ಇಂಗ್ಲಿಷಿನ ಉದ್ದುದ್ದ ವೈದ್ಯಕೀಯ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಮೂಲದ ಚಿಕ್ಕ ತುಂಡುಗಳನ್ನು ಪೋಣಿಸಿ ಕಟ್ಟಿದವು. ಇ.ಎನ್.ಟಿ. ವಿಭಾಗದ ಶಾಸ್ತ್ರೀಯ ಹೆಸರು 'ಓಟೋರೈನೋಲ್ಯಾರಿಂಗಾಲಜಿ'. ಇಂಗ್ಲಿಷಿನಲ್ಲಿ 19 ಅಕ್ಷರ ಹಿಡಿಯುವ ಈ ಪದದೊಳಗಿರುವುದು ನಾಲ್ಕೇ ತುಂಡು: ಓಟೋ ಎಂದರೆ ಕಿವಿ, ರೈನೋ ಎಂದರೆ ಮೂಗು, ಲ್ಯಾರಿಂಗೋ ಎಂದರೆ ಧ್ವನಿಪೆಟ್ಟಿಗೆ, ಲಜಿ ಎಂದರೆ ಶಾಸ್ತ್ರ.

ಅರ್ಥಕ್ಕಾಗಿ ಬಿಡಿಸುವಾಗ ಪದದ ಬಾಲದಿಂದ ಹೊರಡುವುದು ಸುಲಭ. 'ಐಟಿಸ್' ಇದ್ದರೆ ಉರಿಯೂತ. 'ಎಕ್ಟಮಿ' ಇದ್ದರೆ ಅಂಗವನ್ನು ಕತ್ತರಿಸಿ ತೆಗೆಯುವುದು. 'ಆಟಮಿ' ಇದ್ದರೆ ಕೊಯ್ದು ತೆರೆಯುವುದು ಮಾತ್ರ. ಬಾಲ ತಿಳಿದ ಮೇಲೆ ಮುಂದಿನ ತುಂಡು ಯಾವ ಅಂಗದ್ದೆಂದು ನೋಡಬೇಕು.

ತುಂಡುಗಳನ್ನು ಕೂಡಿಸುವುದು ಸಾಮಾನ್ಯವಾಗಿ 'ಓ' ಎಂಬ ಸ್ವರ. ಬಾಲ ಸ್ವರದಿಂದ ಶುರುವಾದರೆ ಈ 'ಓ' ಬಿದ್ದುಹೋಗುತ್ತದೆ. ಊರು, ಅಲ್ಲಿ ಸೇರಿ 'ಊರಲ್ಲಿ' ಆಗುವ ನಮ್ಮ ಲೋಪಸಂಧಿಯಂತೆಯೇ ಗ್ಯಾಸ್ಟ್ರೋ, ಐಟಿಸ್ ಸೇರಿ 'ಗ್ಯಾಸ್ಟ್ರೈಟಿಸ್' ಆಗುತ್ತದೆ. ಎರಡು ಅಂಗಗಳ ಹೆಸರು ಕೂಡುವಲ್ಲಿ ಮಾತ್ರ 'ಓ' ಉಳಿಯುವುದೇ ವಾಡಿಕೆ: ಜಠರ ಮತ್ತು ಕರುಳಿನ ಉರಿಯೂತ 'ಗ್ಯಾಸ್ಟ್ರೋಎಂಟರೈಟಿಸ್'.

ಉಚ್ಚಾರಣೆಗೆ ಬಿಡಿಸುವ ಕ್ರಮ ಬೇರೆ. 'ಲ್ಯಾಪರೋಸ್ಕೋಪಿ'ಯ ಅರ್ಥದ ತುಂಡುಗಳು ಲ್ಯಾಪರೋ ಮತ್ತು ಸ್ಕೋಪಿ. ಆದರೆ ಇಂಗ್ಲಿಷ್ ನಾಲಿಗೆ ಅದನ್ನು 'ಲ್ಯಾ-ಪ-ರಾಸ್-ಕ-ಪಿ' ಎಂದು ಒಡೆದು, 'ರಾಸ್' ಮೇಲೆ ಒತ್ತು ಹಾಕುತ್ತದೆ. ಲಜಿ, ಗ್ರಫಿ, ಸ್ಕಪಿ, ಟಮಿ ಬಾಲಗಳಿರುವ ಪದಗಳಲ್ಲಿ ಒತ್ತು ಕೊನೆಯಿಂದ ಮೂರನೆಯ ಉಚ್ಚಾರಾಂಶಕ್ಕೆ ಬೀಳುತ್ತದೆ. 'ಕಾರ್ಡಿಯೋ' ಎಂಬುದು 'ಕಾರ್ಡಿಯಾಲಜಿ'ಯಲ್ಲಿ ರೂಪ ಬದಲಿಸುವುದು ಇದರಿಂದಲೇ. 'ಐಟಿಸ್' ಇದ್ದಲ್ಲಿ ಒತ್ತು 'ಐ' ಮೇಲೆ. 'ನ್ಯುಮೋನಿಯಾ'ದ ಕಾಗುಣಿತ 'ಪಿ'ಯಿಂದ ಆರಂಭವಾದರೂ ಆ ಅಕ್ಷರ ಉಚ್ಚಾರದಲ್ಲಿಲ್ಲ. ನಿದ್ದೆಯಲ್ಲಿ ಉಸಿರು ತಡೆಯುವ 'ಸ್ಲೀಪ್ ಆಪ್ನಿಯಾ'ದಲ್ಲಿ 'ಪಿ' ಪದದ ನಡುವೆ ಬರುವುದರಿಂದ ಕೇಳಿಸುತ್ತದೆ.

ಪದದ ತಲೆಯ ಕಡೆಗೂ ಗಮನ ಬೇಕು. 'ಹೈಪೋಗ್ಲೈಸೀಮಿಯಾ' ಎಂದರೆ ರಕ್ತದ ಸಕ್ಕರೆ ತೀರಾ ಇಳಿದಿರುವುದು, 'ಹೈಪರ್‌ಗ್ಲೈಸೀಮಿಯಾ' ಎಂದರೆ ಮಿತಿ ಮೀರಿ ಏರಿರುವುದು. ಕಿವಿಗೆ ಹೆಚ್ಚುಕಡಿಮೆ ಒಂದೇ ಆದರೂ ಎರಡರ ಚಿಕಿತ್ಸೆ ತದ್ವಿರುದ್ಧ. ರಿಪೋರ್ಟಿನಲ್ಲಿ ಇಂಥ ಪದ ಕಂಡಾಗ ಊಹಿಸಿ ಸುಮ್ಮನಾಗದೆ, ವೈದ್ಯರಿಂದ ಬಿಡಿಸಿ ಹೇಳಿಸಿಕೊಳ್ಳುವುದೇ ಕ್ಷೇಮ.